ಕಿವಿ ನೋಡಿ ಕುಲ ಹೇಳಿದ ಮಾಸ್ತರ

ಎಂಬತ್ತನಾಲ್ಕು ಲಕ್ಷ ಜೀವರಾಶಿಯನ್ನು ಹುಟ್ಟಿಸಲು ಪರಶಿವನಿಗೆ ಎಷ್ಟು ಯುಗ ಹಿಡಿಯಿತೋ ಪುರಾಣ ಹೇಳುವವರೇ ಬಲ್ಲರು. ಮಸ್ಕಿಯ ಅಮರಗುಂಡಪ್ಪ ಮಾಸ್ತರ ಮಾತ್ರ ಅಷ್ಟನ್ನೂ ಒಂದು ಸೋಮವಾರ, ಬೆಳಗಿನ ಪ್ರಾರ್ಥನೆ ಮುಗಿದು ಮಕ್ಕಳು ಕೂಡುವುದರೊಳಗೆ, ಎರಡು ಪಾಲು ಮಾಡಿ ಕೈ ಕೊಡವಿಕೊಂಡ. ಕಿವಿ ಇದ್ದವು ಒಂದು ಕಡೆ, ಇಲ್ಲದವು ಇನ್ನೊಂದು ಕಡೆ. ಯಾವುದಾದರೂ ಪ್ರಾಣಿ ನಡುವೆ ಅನುಮಾನಿಸುತ್ತ ನಿಂತಿದ್ದರೆ ಅದು ಆ ಪ್ರಾಣಿಯ ತಪ್ಪು, ಮಾಸ್ತರನದಲ್ಲ.

ಈ ಜ್ಞಾನ ಅವನಿಗೆ ದೊರಕಿದ್ದು ಲಿಂಗಸುಗೂರಿನಲ್ಲಿ. ನಿಜಾಮನ ಕಾಲಕ್ಕೆ ಉರ್ದು ಮೊದಲ ಪುಸ್ತಕ ಕಲಿಸುತ್ತಿದ್ದವನಿಗೆ, ನಿಜಾಮನ ರಾಜ್ಯ ಹೋಗುವಾಗಿನ ಗದ್ದಲ ಮುಗಿದು ಹೊಸ ಸರ್ಕಾರ ಬಂದ ಮೇಲೆ, ಇನ್ನು ಕನ್ನಡ ಕಲಿಸು ಎಂದರು, ಕಲಿಸಿದ. ಕೆಲವು ವರ್ಷ ಕಳೆದು, ನಿಸರ್ಗ ಪಾಠವನ್ನೂ ಕಲಿಸು, ಮಕ್ಕಳು ಹೊರಗಿನ ಲಕ್ಷಣ ನೋಡಿ ಜೀವಿಗಳ ಗುರುತು ಹಿಡಿದು ವರ್ಗ ಮಾಡಬೇಕು ಎಂದು ತರಬೇತಿಗೆ ಕರೆದರು, ಹೋದ. ಅಲ್ಲಿ ಬೆಳಿಗ್ಗೆ ಹೊಟ್ಟೆ ಹಸಿದಿರುತ್ತಿತ್ತು, ಮಧ್ಯಾಹ್ನ ತುಂಬಿರುತ್ತಿತ್ತು. ಎರಡೂ ಹೊತ್ತಿನಲ್ಲಿ ವಿದ್ಯೆ ತಲೆಗೆ ಹತ್ತುವುದಿಲ್ಲ. ಗೊರಸು, ಕೊಕ್ಕು, ಪುಚ್ಚ, ಹುರುಪೆ ಎಲ್ಲವೂ ಅವನು ತೂಕಡಿಸುತ್ತಿದ್ದಾಗ ಸಾಲುಗಟ್ಟಿ ಹಾದುಹೋದವು. ಒಂದೇ ಒಂದು ಸಲ ನೊಣವೊಂದು ಮೂಗಿನ ಮೇಲೆ ಕುಳಿತು ಅವನನ್ನು ಎಬ್ಬಿಸಿತು. ಆ ಗಳಿಗೆಯಲ್ಲಿ ಪಾಠ ಹೇಳುವವರು, "ಸಾಮಾನ್ಯವಾಗಿ, ಕಿವಿ ಹೊರಗೆ ಕಾಣುವ ಪ್ರಾಣಿ ಮರಿ ಹಾಕುತ್ತದೆ, ಕಾಣದಿದ್ದರೆ ತತ್ತಿ ಇಡುತ್ತದೆ" ಎಂದರು. ಅಮರಗುಂಡಪ್ಪ ಕಣ್ಣು ಬಿಟ್ಟದ್ದು "ಸಾಮಾನ್ಯವಾಗಿ" ಎಂಬ ಮಾತು ಮುಗಿದ ಮೇಲೆ.

ಕತ್ತಿನ ತನಕ ಗುಂಡಿ ಹಾಕಿದ ಕೋಟು ತೊಟ್ಟು ಮಸ್ಕಿಯಲ್ಲಿ ಬಸ್ಸಿಳಿದವನು ಮನೆಗೆ ಹೋಗಲಿಲ್ಲ. ಕೋಟು ನೋಡುವ ಜನ ಇರುವುದು ಚಹದಂಗಡಿಯಲ್ಲಿ.

"ಇನ್ನ ಮ್ಯಾಲ ಯಾವ ಜೀವೀನರ ತಂದು ನನ್ನ ಮುಂದ ನಿಲ್ಲಸ್ರಿ," ಎಂದ. "ಹೊರಗಿಂದ ನೋಡಿ ಒಳಗಿನ ಹಕೀಕತ್ ಹೇಳ್ತೀನಿ."

ಮಸ್ಕಿಗೂ ಬಳಗಾನೂರಿಗೂ ಟಪಾಲು ಹೊರುವ ಯಂಕೋಬ ಬಸಿಯೊಳಗಿನ ಚಹ ಊದುತ್ತ, "ಹಂಗಾದ್ರ ಒಮ್ಮಿ ನನ್ನ ಹೇಣ್ತೀನ ನೋಡಿ ಹೇಳ್ರಿ ಮಾಸ್ತರ, ಒಳಗ ಏನೈತಿ ಅಂತ. ಲಗ್ನಾಗಿ ಕೂದಲ ಬೆಳ್ಳಗಾದ್ವು, ನನಗ ಇನ್ನೂ ತಿಳದಿಲ್ಲ," ಎಂದ.

ಜನ ನಕ್ಕರು. ಅಮರಗುಂಡಪ್ಪ ಅದನ್ನು ಹೊಗಳಿಕೆಯೆಂದು ತಿಳಿದು ಮನೆಗೆ ಹೋದ.

ಮನೆಯಲ್ಲಿ ಮಾತು ಬೇರೆ ಇತ್ತು. ಮಾಸ್ತರಿಕೆ ಇನ್ನೂ ಹಂಗಾಮಿ. ಬರುವ ಅಮಾವಾಸ್ಯೆ ಕಳೆದ ಮೇಲೆ ರಾಯಚೂರಿನಿಂದ ಶಾಲಾ ಇನ್ಸ್‌ಪೆಕ್ಟರ್ ಸಾಹೇಬರು ಬಂದು, ಊರ ಹಿರಿಯರ ಎದುರಿಗೆ ಒಂದು ನಿಸರ್ಗ ಪಾಠ ಮಾಡಿಸಿ ನೋಡುವವರಿದ್ದರು. ಪಾಸಾದರೆ ಖಾಯಂ. ನಪಾಸಾದರೆ ಸಿಂಧನೂರಿನಲ್ಲಿ ಮಾವ ಜಂಬಣ್ಣನ ಕಿರಾಣಿ ಅಂಗಡಿ. ಜಂಬಣ್ಣ ಮಗಳನ್ನು ಕೊಟ್ಟ ದಿನದಿಂದ ಅಳಿಯನಿಗಾಗಿ ಬೆಲ್ಲದ ಪೆಂಟೆಗಳ ಮಗ್ಗುಲಲ್ಲಿ ಒಂದು ಮಣೆ ಖಾಲಿ ಇಟ್ಟಿದ್ದ. ಬಂದವರಿಗೆಲ್ಲ ಅದನ್ನು ತೋರಿಸಿ, "ಇದು ನಮ್ಮ ಮಾಸ್ತರರ ಗಾದಿ. ಇವತ್ತಿಲ್ಲ ನಾಳೆ ಬಂದು ಕುಂತು ನೊಣಾ ಹೊಡೀತಾರ" ಎನ್ನುತ್ತಿದ್ದ.

ಹೆಂಡತಿ ಕಸ್ತೂರೆಮ್ಮ ರೊಟ್ಟಿ ಬಡಿಯುತ್ತಲೇ ಹೇಳಿದಳು: "ತವರಮನಿಗೆ ಹಬ್ಬಕ್ಕ ಹೋಗಬೇಕ್ರಿ, ಬಾಳೇ ಮಾಡಾಕಲ್ಲ. ನಮ್ಮ ಅಣ್ಣನ ಹೇಣ್ತಿ ಕೈಯಾಗ ಬುತ್ತಿ ಇಸಗೊಂಡು ತಿನ್ನೂದಂದ್ರ ನನಗ ವಿಷ ಕೊಟ್ಟುಬಿಡ್ರಿ. ಪಾಠ ಸುದ್ದ ಮಾಡ್ರಿ."

"ಫಿಕರ್ ಮಾಡಬ್ಯಾಡ. ಎಲ್ಲಾ ಕಿವಿಯಾಗ ಐತಿ," ಎಂದ ಅಮರಗುಂಡಪ್ಪ.

ಶಾಲೆ ನಡೆಯುತ್ತಿದ್ದುದು ಊರ ಮಠದ ಪಡಸಾಲೆಯಲ್ಲಿ. ಅಲ್ಲಿಗೆ ಕೋಳಿ ತರುವಂತಿಲ್ಲ, ಮೀನಿನ ಹೆಸರೆತ್ತುವಂತಿಲ್ಲ. ಹೀಗಾಗಿ ತತ್ತಿ ಇಡುವ ವರ್ಗ ಮಠದ ಹೊರಗೇ ಉಳಿಯಿತು. ಮಾಸ್ತರ ಅದಕ್ಕೊಂದು ಉಪಾಯ ಹುಡುಕಿದ. ಜೀವಿಗಳು ಪಾಠಕ್ಕೆ ಬರದಿದ್ದರೆ ಪಾಠವೇ ಜೀವಿಗಳ ಬಳಿ ಹೋಗಲಿ. ಮಕ್ಕಳಿಗೆ ರಾಗವಾಗಿ ಬಾಯಿಪಾಠ ಮಾಡಿಸಿ ಊರ ಮೇಲೆ ಬಿಟ್ಟ.

"ಕಿವಿ ಕಂಡ್ರ ಮರಿ! ಕಿವಿ ಕಾಣದಿದ್ರ ತತ್ತಿ!"

ಮೂರು ದಿನ ಮಸ್ಕಿಯಲ್ಲಿ ಕಿವಿ ಇದ್ದವರಿಗೆ ನೆಮ್ಮದಿ ಇರಲಿಲ್ಲ. ಎಮ್ಮೆ, ಆಡು, ಕತ್ತೆಗಳ ಕಿವಿ ಹಿಡಿದು ಎಳೆದದ್ದಾಯಿತು. ಆಮೇಲೆ ಮನುಷ್ಯರ ಸರದಿ. ಮುದುಕಿ ವೀರಭದ್ರಮ್ಮ ಕಟ್ಟೆಯ ಮೇಲೆ ಕುಳಿತಿದ್ದಾಗ ಒಂದು ಹಿಂಡು ಬಂದು, "ಅಮ್ಮಾ, ಸೆರಗು ತಗಿ, ನಿನ್ನ ವರ್ಗ ನೋಡಬೇಕು" ಎಂದಿತು.

"ನನ್ನ ವರ್ಗ ಕಟಗೊಂಡು ನಿಮಗೇನಾಗಬೇಕ್ಲೇ, ಮೂಳಗೋಳ್ಯಾ! ಏಳು ಹಡದೀನಿ. ಒಂದರ ತತ್ತಿ ಒಡದು ಬಂದದ್ದು ನೋಡೀರೇನ?" ಎಂದು ಮುದುಕಿ ಕೋಲೆತ್ತಿದಳು. ಆದರೆ ಮಕ್ಕಳು ಓಡಿದ ಮೇಲೆ, ಯಾಕಿದ್ದೀತು ಎಂದು ಸೆರಗು ಸರಿಸಿ ಕಿವಿ ಮುಟ್ಟಿ ನೋಡಿಕೊಂಡಳು.

ಇಷ್ಟಕ್ಕೇ ನಿಂತಿದ್ದರೆ ಊರು ನಕ್ಕು ಮರೆಯುತ್ತಿತ್ತು. ಆದರೆ ಊರಲ್ಲಿ ದೊಡ್ಡಬಸಪ್ಪ ಗೌಡರಿದ್ದರು.

ಗೌಡರು ಮಠದ ಪಂಚರಲ್ಲಿ ಹಿರಿಯರು. ಪಡಸಾಲೆಯ ಬೀಗದ ಕೈ ಅವರ ಉಡಿದಾರದಲ್ಲಿ. ಗದ್ದಲದ ವರ್ಷ ಊರಿನ ಮಾನ ಕಾಯಲು ಹೋಗಿ ಗುಂಡು ತಾಗಿ ಕಿವಿ ಕಳೆದುಕೊಂಡವರು ಎಂದು ಅವರಿಗೆ ಕೀರ್ತಿ. ಈ ಕೀರ್ತಿಗೆ ಸಾಕ್ಷಿ ಅವರ ಬಾಯಿ. ಮುದ್ರೆ ಅವರ ರುಮಾಲು. ಆ ರುಮಾಲು ಹುಬ್ಬಿನಿಂದ ದವಡೆಯ ತನಕ ಇಳಿಯುತ್ತಿತ್ತು, ಬೇಸಿಗೆಯಲ್ಲೂ ಸಡಿಲುತ್ತಿರಲಿಲ್ಲ. ಕ್ಷೌರಕ್ಕೂ ಅವರು ಊರಿನವನನ್ನು ಕರೆಯದೆ ಗಾಡಿ ಕಟ್ಟಿ ಲಿಂಗಸುಗೂರಿಗೆ ಹೋಗುತ್ತಿದ್ದರು. ಬಾವುಟ ಹಾರಿಸುವ ದಿನ ಮೊದಲ ಹಾರ ಕಂಬಕ್ಕೆ, ಎರಡನೆಯದು ಗೌಡರಿಗೆ. ಶಾಲೆಯಲ್ಲಿ ಇದ್ದ ಒಂದೇ ಕುರ್ಚಿಯೂ ಗೌಡರದೇ. ಮಾಸ್ತರ ನಿಂತು ಪಾಠ ಹೇಳಬೇಕು.

ಒಂದು ಸಂಜೆ ಗೌಡರ ಕಟ್ಟೆಯ ಮೇಲೆ ಹತ್ತಾರು ಜನ ಕೂಡಿದ್ದರು. ಕಾಲುವೆ ನೀರು ಮಸ್ಕಿಗೆ ಬರುತ್ತದೋ ಇಲ್ಲವೋ ಎಂದು ಗೌಡರು ಸರ್ಕಾರದ ಪರವಾಗಿ ಮಾತು ಕೊಡುತ್ತಿದ್ದರು. ಅವರ ಮೊಮ್ಮಗಳು ಬಸವಣ್ಣೆಮ್ಮ, ಎರಡನೆಯ ಇಯತ್ತೆಯವಳು, ಬಂದು ಎದುರಿಗೆ ನಿಂತು ತಾತನನ್ನು ಕೆಳಗಿನಿಂದ ಮೇಲಕ್ಕೆ ಪರೀಕ್ಷಿಸಿದಳು.

"ಅಜ್ಜಾ, ನಿನ್ನ ಕಿವಿ ಕಾಣಂಗಿಲ್ಲ."

"ಹೌದವ್ವ. ದೇಶಕ್ಕ ಕೊಟ್ಟೀನಿ."

"ಹಂಗಾದ್ರ ನೀ ತತ್ತಿ ಇಡೋ ವರ್ಗ."

ಕಟ್ಟೆಯ ಮೇಲೆ ಯಾರೋ ಕೆಮ್ಮಿದಂತೆ ಮಾಡಿದರು. ಇನ್ನೊಬ್ಬ ಹೆಗಲ ವಸ್ತ್ರ ಬಾಯಿಗೆ ತುರುಕಿಕೊಂಡ. ಯಂಕೋಬ ಮಾತ್ರ ಗಂಭೀರವಾಗಿ, "ಹಂಗನಬಾರದವ್ವ. ಅಜ್ಜಗ ಹೋಗಿದ್ದು ಒಂದ ಕಿವಿ. ಎಡಗಿವಿ ಐತಿ," ಎಂದ.

"ಎಡಗಿವಿ ಹೋಗಿದ್ದೋ ಮಾರಾಯ," ಎಂದ ಪಕ್ಕದವನು. "ನಮ್ಮ ಮುಂದ ಗೌಡ್ರ ಹೇಳ್ಯಾರ. ಇರೋದು ಬಲಗಿವಿ."

"ಬಳಗಾನೂರಾಗ ಬಲಗಿವಿ ಹೋತು ಅಂತ ಗೌಡ್ರ ಬಾಯಿಂದ ನಾನ ಕೇಳೀನಿ," ಎಂದ ಯಂಕೋಬ.

"ಬಳಗಾನೂರಿನವರಿಗೆ ಎಡ ಬಲ ತಿಳೀತದೇನ್ಲೇ?"

"ಯಾಕ ಜಗಳ? ಗೌಡ್ರ ಕುಂತಾರ. ಇದ್ದ ಕಿವಿ ತೋರಿಸಿಬಿಟ್ರ ಕೂಸೂ ಸುಮ್ಮನಾಗ್ತದ, ನಾವೂ ಸುಮ್ಮನಾಗ್ತೀವಿ."

ಗೌಡರು ಎದ್ದರು. "ಹುಡುಗಾಟಕಿ ಹಚ್ಚೀರೇನು?" ಎಂದು ಗುಡುಗಿ ಒಳಗೆ ಹೋಗಿ ಅಗಳಿ ಹಾಕಿಕೊಂಡರು. ಕೂಡಿದವರು ಕತ್ತಲಾಗುವ ತನಕ ಎಡ, ಬಲ ಎಂದು ಕೂಗಾಡಿದರು. ಮರುದಿನ ಬೆಳಗಾಗುವುದರಲ್ಲಿ ಮಸ್ಕಿ ಎರಡು ಪಕ್ಷವಾಗಿತ್ತು. ಬಾವಿಯ ಬಳಿ ಎಡಗಿವಿಯವರ ಹೆಣ್ಣುಮಕ್ಕಳು ಬಲಗಿವಿಯವರ ಕೊಡಕ್ಕೆ ಹಗ್ಗ ಕೊಡಲಿಲ್ಲ.

ಅಂದೇ ಗೌಡರು ಮಾಸ್ತರನ ಮನೆಗೆ ಬಂದರು. ಕಂಬಳಿ ಹಾಸಿದರೂ ಕೂಡಲಿಲ್ಲ.

"ಮಾಸ್ತರ, ಕಿವಿಗೂ ವರ್ಗಕ್ಕೂ ಏನೂ ಸಂಬಂಧಿಲ್ಲ ಅಂತ ಇನ್ಸ್‌ಪೆಕ್ಟರ ಮುಂದ, ಊರ ಮುಂದ ಹೇಳಬೇಕು. ಇಲ್ಲಾಂದ್ರ ಮಠದ ಬೀಗ ಹಾಕ್ತೀನಿ. ಸಾಲಿ ಎಲ್ಲಿ ನಡಸ್ತೀಯೋ ನಡಸು, ಖಾಯಂ ಹೆಂಗಾಗ್ತೀಯೋ ಆಗು!"

ಕಿವಿ ಬಿಟ್ಟರೆ ಅಮರಗುಂಡಪ್ಪನಲ್ಲಿ ಪಾಠವೇ ಇಲ್ಲ. ಕಿವಿ ಹಿಡಿದರೆ ಶಾಲೆಯೇ ಇಲ್ಲ. ಆದರೂ ಕೈ ಮುಗಿದು, "ಗೌಡ್ರ, ನಿಮ್ಮ ಇಜ್ಜತ್ತು ನನ್ನ ಕಡೆ ಇರಲಿ. ಪಾಠದ ದಿನದಿಂದ ನಿಮ್ಮ ಕಿವಿ ಬಗ್ಗೆ ಯಾರೂ ಸೊಲ್ಲೆತ್ತಬಾರದು, ಹಂಗ ಮಾಡ್ತೀನಿ," ಎಂದ. ಗೌಡರು ಅದನ್ನು ಒಪ್ಪಿಗೆಯೆಂದು ತಿಳಿದು ಹೋದರು.

"ಏನು ಮಾಡವರ್ರಿ ನೀವು?" ಎಂದಳು ಕಸ್ತೂರೆಮ್ಮ.

"ಪಾಪ, ದೊಡ್ಡ ಮನುಷ್ಯಗ ಕಿವಿ ಇಲ್ಲಂತ ನಾಚಿಕಿ. ಸಾಹೇಬರ ಕೈಲೆ ಹೊಸಾ ರುಮಾಲು ಸುತ್ತಿಸಿ ಮಾನ ಮಾಡಸ್ತೀನಿ. ಮತ್ತ ಇಲ್ಲದ ಕಿವಿಗೆ ಒಂದು ಕಿವಿ ಮಾಡಿಸಿ ಕೊಡ್ತೀನಿ. ಕಿವಿ ಬಂತು ಅಂದ್ರ ವರ್ಗ ಬಂತು, ವರ್ಗ ಬಂತು ಅಂದ್ರ ಸಿಟ್ಟು ಹೋತು."

"ನೌಕರಿ ಹೋದ್ರ ಅಂಗಡಿಗೆ ನೀವೊಬ್ಬರ ಹೋಗ್ರಿ," ಎಂದು ಕಸ್ತೂರೆಮ್ಮ ಒಲೆಯ ಕಡೆ ತಿರುಗಿದಳು.

ಬಯಲಾಟದ ವೇಷಗಳಿಗೆ ಬೆಂಡಿನಲ್ಲಿ ಕಿರೀಟ, ಭುಜಕೀರ್ತಿ ಕೊರೆದು ಬಣ್ಣ ಹಚ್ಚುವವನು ಜಿಲಾನಿಸಾಬ್. ಮಾಸ್ತರ ಹೇಳಿದ್ದನ್ನು ಕೇಳಿ ಅವನು ಬೀಡಿ ಆರಿಸಿ ಮತ್ತೊಮ್ಮೆ ಕೇಳಿದ.

"ರಾವಣಗ ಹತ್ತು ತಲಿ ಮಾಡಿಕೊಟ್ಟೀನಿ, ಯಾರೂ ಬರೇ ಕಿವಿ ಕೇಳಿಲ್ಲ ನೋಡ್ರಿ. ಯಾವ ಕಿವಿ? ಎಡದ್ದೋ ಬಲದ್ದೋ?"

"ಅದ ಊರಾಗ ಇತ್ಯರ್ಥ ಆಗಿಲ್ಲ."

"ಹಂಗಾದ್ರ ಎರಡೂ ಮಾಡ್ತೀನಿ. ಒಂದು ಉಳೀತದಲ್ಲ, ಶಕುನಿ ವೇಷಕ್ಕ ಬರ್ತದ. ಗೌಡ್ರ ಬಣ್ಣ ಕೆಂಪೋ ಕರಿಯೋ?"

"ಸಿಟ್ಟು ಬಂದಾಗ ಕೆಂಪು."

"ಸಿಟ್ಟಿನ ಬಣ್ಣಾನ ಹಚ್ಚತೀನಿ," ಎಂದ ಜಿಲಾನಿಸಾಬ್. "ಹಾಕ್ಕೊಂಡ ಮ್ಯಾಲ ಅದ ಬೇಕಾಗ್ತದ."

ಪಾಠದ ದಿನ ಬಂತು. ಮಠದ ಪಡಸಾಲೆ ತುಂಬಿ ಅಂಗಳಕ್ಕೆ ಜನ ಹರಿದಿತ್ತು. ಎಡಗಿವಿಯವರು ಎಡಕ್ಕೆ, ಬಲಗಿವಿಯವರು ಬಲಕ್ಕೆ ಕುಳಿತಿದ್ದರು. ಸಿಂಧನೂರಿನಿಂದ ಜಂಬಣ್ಣ ಚಕ್ಕಡಿ ಕಟ್ಟಿಕೊಂಡು ಬಂದು ಬಾಗಿಲಿಗೇ ನಿಲ್ಲಿಸಿದ್ದ. ಅಳಿಯ ನಪಾಸಾದ ಕೂಡಲೇ ಸಾಮಾನು ಹೇರಲು ಅನುಕೂಲವೆಂದು. ಇನ್ಸ್‌ಪೆಕ್ಟರ್ ಸಾಹೇಬರು ಕನ್ನಡಕದ, ಕಡಿಮೆ ಮಾತಿನ ಮನುಷ್ಯರು. ಕುರ್ಚಿ ಅವರಿಗೆ ಹೋಯಿತು. ಗೌಡರು ಮಠದ ಗದ್ದುಗೆಯ ಬಾಗಿಲಿಗೆ ಒರಗಿ ಕುಳಿತು ಮಾಸ್ತರನ ಬಾಯನ್ನೇ ನೋಡುತ್ತಿದ್ದರು.

ಪಾಠ ನಡೆಯಿತು. ಕರು ತಂದರು, ಮರಿ ಎಂದರು. ಪಂಜರದ ಗಿಳಿ ತಂದರು, ತತ್ತಿ ಎಂದರು. ಸಾಹೇಬರು ಹಾವು, ಮೊಲ, ಕಪ್ಪೆ, ಮಂಗ ಎಂದು ಕೇಳಿದಂತೆಲ್ಲ ಮಕ್ಕಳು ರಾಗ ಎಳೆದು ಉತ್ತರ ಕೊಟ್ಟರು. ಸಾಹೇಬರು ತಲೆದೂಗಿದರು. ಜಂಬಣ್ಣ ಬಾಗಿಲಲ್ಲಿ ಎತ್ತುಗಳ ಕಡೆ ನೋಡಿದ. ಅಷ್ಟಕ್ಕೆ ಕೈ ಮುಗಿದು ಕೂತಿದ್ದರೆ ಅಮರಗುಂಡಪ್ಪ ಬದುಕುತ್ತಿದ್ದ. ಆದರೆ ಮೂರ್ಖನಿಗೆ ಉಪಕಾರ ಮಾಡುವ ಹುಕಿ ಬಂದರೆ ಹರನೂ ತಡೆಯಲಾರ.

"ಸಾಹೇಬರ, ನಮ್ಮ ದೊಡ್ಡಬಸಪ್ಪ ಗೌಡ್ರು ದೇಶಕ್ಕ ಕಿವಿ ಕೊಟ್ಟವರು. ತಮ್ಮ ಅಮೃತ ಹಸ್ತದಿಂದ ಅವರಿಗೆ ಈ ರುಮಾಲು ಸುತ್ತಬೇಕು," ಎಂದು ತಾಟು ಮುಂದಿಟ್ಟ. ತಾಟಿನಲ್ಲಿ ಹೊಸ ಕೇಸರಿ ರುಮಾಲು, ಎಲೆ ಅಡಿಕೆ, ಮತ್ತು ಸಿಟ್ಟಿನ ಬಣ್ಣದ ಎರಡು ಬೆಂಡಿನ ಕಿವಿ.

"ಇವೇನು?" ಎಂದರು ಸಾಹೇಬರು.

"ಹೋದ ಕಿವಿಗೆ ಬದಲಿ ರೀ. ಯಾವುದು ಬರೋಬ್ಬರಿ ಕೂಡ್ತದೋ ಅದು."

ಎಡಗಡೆಯಿಂದ "ಎಡದ್ದು!" ಎಂದು ಕೂಗೆದ್ದಿತು. ಬಲಗಡೆಯಿಂದ "ಬಲದ್ದು!" ಎಂದಿತು.

ಗೌಡರ ಮುಖ ಬೆಂಡಿನ ಬಣ್ಣಕ್ಕೆ ತಿರುಗಿತು. "ಬ್ಯಾಡ್ರೀ ಸಾಹೇಬರ. ನನಗ ಮಾನ ಬ್ಯಾಡ, ಏನೂ ಬ್ಯಾಡ."

"ನಿರಾಶೆ ಮಾಡಬೇಡಿ," ಎಂದು ಸಾಹೇಬರು ಭಕ್ತಿಯಿಂದ ಎದ್ದರು. ಈ ಸೀಮೆಯಲ್ಲಿ ಹೊಸ ರುಮಾಲು ಸುತ್ತುವ ಮೊದಲು ಹಳೆಯದನ್ನು ಇಳಿಸಬೇಕು. ಗದ್ದುಗೆಯ ಎದುರಿಗೆ ಮಾಡುವ ಮಾನವನ್ನು ಒಲ್ಲೆ ಎಂದರೆ ಮಠಕ್ಕೇ ಒಲ್ಲೆ ಎಂದಂತೆ. ಆ ನೇಮವನ್ನು ಊರಿಗೆ ದಿನಾ ಹೇಳಿಕೊಡುತ್ತಿದ್ದವರು ಸ್ವತಃ ಗೌಡರು. ಅವರು ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ಅಮರಗುಂಡಪ್ಪ, "ನಾಚಬ್ಯಾಡ್ರಿ ಗೌಡ್ರ, ನಾವೆಲ್ಲ ನಿಮ್ಮವರ," ಎಂದು ಕೈಗಳನ್ನು ಮೆಲ್ಲಗೆ ಬಿಡಿಸಿದ. ಸಾಹೇಬರು ರುಮಾಲು ಇಳಿಸಿದರು.

ಎರಡು ಕಿವಿ ಹೊರಬಿದ್ದವು.

ಎಂಥ ಕಿವಿ! ಎಷ್ಟೋ ವರ್ಷ ಬಿಸಿಲು ಕಾಣದೆ ಬೆಳ್ಳಗೆ ಕೊಬ್ಬಿದ, ಕೂದಲು ಬೆಳೆದ, ಅಂಚು ಮುಕ್ಕಾಗದ, ತುಂಬು ಎರಡು ಕಿವಿ. ಎಡಗಿವಿಯವರು ಬಲಕ್ಕೆ ನೋಡಿದರು, ಬಲಗಿವಿಯವರು ಎಡಕ್ಕೆ ನೋಡಿದರು. ಮಕ್ಕಳಷ್ಟೇ ಕರ್ತವ್ಯ ಮರೆಯಲಿಲ್ಲ: "ಕಿವಿ ಕಂಡ್ರ ಮರೀ!"

ಗೌಡರ ಕಣ್ಣು ಒಂದು ಸಲ ಜನರ ಮೇಲೆ, ಒಂದು ಸಲ ಗದ್ದುಗೆಯ ಮೇಲೆ ಹರಿಯಿತು. ಆಮೇಲೆ ಅವರು ಮೆಲ್ಲಗೆ ಕೈಯೆತ್ತಿ ಒಂದು ಕಿವಿ ಮುಟ್ಟಿದರು. ಯಾವುದೆಂದು ಹೇಳಲಿಲ್ಲ.

"ಬಂದಾವ!" ಎಂದು ಕೂಗಿದರು. "ಬಂದಾವೋ ನನ್ನಪ್ಪಾ! ಗದ್ದಿಗಿ ಮುಂದ ಮತ್ತ ಚಿಗತಾವ! ಹರಹರ ಮಹಾದೇವ!"

ಜನ ಎಂಬುದು ವಿಚಿತ್ರ ವಸ್ತು. ಕಣ್ಣೆದುರಿಗಿನ ಸುಳ್ಳಿಗೆ ನಗುವುದಕ್ಕಿಂತ ಕೈಮುಗಿಯುವುದು ಜನಕ್ಕೆ ಹಗುರ. "ಹರಹರ ಮಹಾದೇವ!" ಎಂದು ಅರ್ಧ ಪಡಸಾಲೆ ಎದ್ದಿತು. ಒಬ್ಬ ತೆಂಗಿನಕಾಯಿಗೆ ಓಡಿದ. ವೀರಭದ್ರಮ್ಮ ಗೌಡರ ಪಾದಕ್ಕೆ ಬಿದ್ದು ಎದ್ದು, ಕಿವಿಗೂ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡಳು. ಎಡ-ಬಲದ ಜಗಳವೂ ಮುಗಿಯಿತು; ಎರಡೂ ಪಕ್ಷದವರು ತಾವೇ ಗೆದ್ದೆವೆಂದು ತಿಳಿದರು.

ಗದ್ದಲ ಇಳಿದ ಮೇಲೆ ಸಾಹೇಬರು ಕನ್ನಡಕ ಒರೆಸಿಕೊಂಡು ಹಾಕಿಕೊಂಡರು.

"ಮಾಸ್ತರೇ, ಕೊನೆಯ ಪ್ರಶ್ನೆ. ನಿಮ್ಮ ಖಾಯಂ ಇದರ ಮೇಲಿದೆ. ಹೋದ ಅಂಗ ಮತ್ತೆ ಚಿಗುರುವ ಜೀವಿ ಯಾವ ವರ್ಗ?"

ಅಮರಗುಂಡಪ್ಪ ಕೋಟಿನ ಮೇಲಿನ ಗುಂಡಿ ಬಿಚ್ಚಿದ. ಇದು ಲಿಂಗಸುಗೂರಿನಲ್ಲಿ ಯಾವ ಮಧ್ಯಾಹ್ನದ ಪಾಠವೋ! ಗೌಡರು ಉಡಿದಾರದ ಬೀಗದ ಕೈ ಹಿಡಿದು ಅವನನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ಜಂಬಣ್ಣ ಎತ್ತುಗಳ ಹಗ್ಗ ಕೈಗೆ ತೆಗೆದುಕೊಂಡ. ಹೆಣ್ಣುಮಕ್ಕಳ ನಡುವೆ ಕಸ್ತೂರೆಮ್ಮ ಕಣ್ಣು ಮುಚ್ಚಿದ್ದಳು.

"ಸಾಹೇಬರ... ಅದು... ಮಕ್ಕಳಿಗೆ ಬರ್ತದ್ರಿ," ಎಂದ ಅಮರಗುಂಡಪ್ಪ.

ಬಸವಣ್ಣೆಮ್ಮ ಟಕ್ಕನೆ ಎದ್ದು ನಿಂತಳು. "ನಂಗ ಗೊತ್ತೈತ್ರೀ! ಹಲ್ಲಿ! ಬಾಲ ಕಡದು ಬಿದ್ರ ಮತ್ತ ಬರ್ತದ. ನಮ್ಮ ಅಡಿಗಿ ಮನ್ಯಾಗಿನ ಹಲ್ಲಿಗೆ ಬಂದೈತಿ, ನಾ ನೋಡೀನಿ."

"ಶಾಬಾಸ್. ಹಲ್ಲಿ ಮರಿ ಹಾಕುತ್ತದೋ, ತತ್ತಿ ಇಡುತ್ತದೋ?"

ಎಲ್ಲ ಮಕ್ಕಳೂ ಒಂದೇ ಕಂಠದಲ್ಲಿ, ಗೌಡರ ಕಡೆ ನೋಡುತ್ತ, ರಾಗ ಎಳೆದು ಹೇಳಿದರು:

"ತತ್ತೀ!"

ಪವಾಡಕ್ಕೆ ಎದ್ದಿದ್ದ ಪಡಸಾಲೆ ಈಗ ಕುಸಿದು ಬಿದ್ದು ನಕ್ಕಿತು. ಕಾಯಿ ತಂದವನು ಒಡೆಯಬೇಕೋ ಬೇಡವೋ ತಿಳಿಯದೆ ಮನೆಗೆ ಒಯ್ದು ಚಟ್ನಿ ಮಾಡಿಸಿದ. ಸಾಹೇಬರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಮಾಸ್ತರರಿಗೆ ಪಾಠ ಬರುತ್ತದೆ ಎಂದು ನನಗೆ ತೋರುವುದಿಲ್ಲ. ಆದರೆ ಈ ಊರಿನಲ್ಲಿ ಕಣ್ಣಿಟ್ಟು ನೋಡುವವರು ಇವರ ಮಕ್ಕಳು ಮಾತ್ರ. ಖಾಯಂ," ಎಂದು ಎದ್ದರು.

ಗೌಡರು ಕೇಸರಿ ರುಮಾಲನ್ನು ತಾವೇ ತಲೆಗೆ ಸುತ್ತಿಕೊಂಡು, ಪಡಸಾಲೆಯಿಂದ ಎಲ್ಲರನ್ನೂ ಹೊರಗಟ್ಟಿ ಬೀಗ ಜಡಿದರು. ಖಾಯಂ ಮಾಸ್ತರ ಶಾಲೆ ಸಮೇತ ಖಾಯಂ ಆಗಿ ಬೇವಿನ ಮರದ ಕೆಳಗೆ ಬಂದ. ಜಂಬಣ್ಣ ಖಾಲಿ ಚಕ್ಕಡಿಯನ್ನೂ ಅಳಿಯನನ್ನೂ ಸರದಿಯಂತೆ ನೋಡಿ, "ಇಷ್ಟು ದೂರ ಎತ್ತು ಹೊಡಕೊಂಡು ಬಂದದ್ದು ದಂಡ ಆತಲ್ಲೋ!" ಎಂದು ನಿಟ್ಟುಸಿರು ಬಿಟ್ಟ.

"ಉಂಡು ಹೋಗಪ್ಪ," ಎಂದಳು ಕಸ್ತೂರೆಮ್ಮ. ಅವಳ ದನಿಯಲ್ಲಿ ಆ ವರ್ಷ ಮೊದಲ ಸಲ ಸಕ್ಕರೆ ಇತ್ತು.

ಚಕ್ಕಡಿ ಖಾಲಿ ಹೋಗಲಿಲ್ಲ. ಊಟ ಮುಗಿಸಿ ಜಂಬಣ್ಣ ಎತ್ತು ಹೂಡುವ ಹೊತ್ತಿಗೆ ದೊಡ್ಡಬಸಪ್ಪ ಗೌಡರು ಒಂದು ಗಂಟು ಹಿಡಿದು ಬಂದು ಹತ್ತಿ ಕುಳಿತರು. ದಾರಿಯಲ್ಲಿ ಸಿಗುವ ಬಳಗಾನೂರಿನ ಬೀಗರ ಮನೆಯಲ್ಲಿ ಕೆಲವು ದಿನ ಇದ್ದು ಬರುತ್ತಾರಂತೆ. ಗೌಡರು ಹೊಸ ರುಮಾಲನ್ನು ಹುಬ್ಬಿನಿಂದ ದವಡೆಯ ತನಕ ಇಳಿಸುತ್ತಿದ್ದಾಗ ಅಮರಗುಂಡಪ್ಪ ಕೈ ಮುಗಿದು ಗಾಲಿಯ ಮಗ್ಗುಲಲ್ಲಿ ನಿಂತಿದ್ದ.

ಜಂಬಣ್ಣ ಎತ್ತುಗಳನ್ನು ಮುಂದಕ್ಕೆ ಹೊಡೆದು, ತಿರುಗಿ ನೋಡದೆ ಕೇಳಿದ: "ಗೌಡ್ರ, ದಾರ್ಯಾಗ ಯಾರರ ಕೇಳಿದ್ರ ಹೋಗಿದ್ದು ಯಾವ ಕಿವಿ ಅಂತ ಹೇಳಲ್ರಿ?"

ಗೌಡರು ರುಮಾಲಿನ ಸೆರಗು ಬಿಗಿದರು.

"ಬಳಗಾನೂರು ಮುಟ್ಟೂತನ ಬಲಗಿವಿ," ಎಂದರು. "ಮುಂದಿಂದು ಮುಂದ ನೋಡೂಣು."